ನೆನಪು ಜಾರಿದಾಗ ಹೆಸರು ಕಾಯುವವರು ಯಾರು?

ಡಿಮೆನ್ಷಿಯಾ ಬಾಧಿತ ಹಿರಿಯ ಲಿಂಗತ್ವ ಅಲ್ಪಸಂಖ್ಯಾತರು: ಕಾಯಿಲೆ, ಆರೈಕೆ ಮತ್ತು ಕಾನೂನಿನ ನಡುವಿನ ಕಂದಕ

ಬೆಂಗಳೂರು: ಮರೆವಿನ ಕಾಯಿಲೆಯ ತಪಾಸಣೆಗೆ ಬಂದ ಹಿರಿಯರಿಗೆ ವೈದ್ಯರು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ತೀರಾ ಸರಳ. ನಿಮ್ಮ ಹೆಸರೇನು? ಇದು ಯಾವ ವರ್ಷ? ನಿಮ್ಮ ಊರು ಯಾವುದು? ಜೊತೆಯಲ್ಲಿ ಬಂದವರು ನಿಮಗೆ ಏನಾಗಬೇಕು? ಥಟ್ಟನೆ ಉತ್ತರ ಬಂದರೆ ನೆನಪು ನೆಟ್ಟಗಿದೆ, ತಡವರಿಸಿದರೆ ಎಲ್ಲೋ ತೊಂದರೆಯಿದೆ ಎಂಬುದು ಲೆಕ್ಕಾಚಾರ.

ಆದರೆ ಗಂಡುಮಗುವೆಂದು ದಾಖಲಾಗಿ, ಹದಿಹರೆಯದಲ್ಲಿ ಮನೆ ತೊರೆದು, ನಲವತ್ತು ವರ್ಷ ಹೆಣ್ಣಾಗಿ ಬಾಳಿದ ಹಿರಿಯರೊಬ್ಬರಿಗೆ ಈ ಪ್ರಶ್ನೆಗಳಲ್ಲಿ ಬಹುಪಾಲು ಸರಳವಲ್ಲ. ಹೆಸರು ಎರಡಿವೆ. ತಂದೆ ತಾಯಿ ಇಟ್ಟದ್ದು ಒಂದು, ತಾವೇ ಆರಿಸಿಕೊಂಡದ್ದು ಇನ್ನೊಂದು. ಊರು ಎಂದೋ ಬಿಟ್ಟು ಬಂದದ್ದು. ಜೊತೆಯಲ್ಲಿ ಬಂದವರು ಚೇಲಾ. ಅವರು ರಕ್ತಸಂಬಂಧಿಯಲ್ಲ, ಆ ಸಂಬಂಧಕ್ಕೆ ಆಸ್ಪತ್ರೆಯ ಅರ್ಜಿಗಳಲ್ಲಿ ಸಾಮಾನ್ಯವಾಗಿ ಜಾಗವೂ ಇರುವುದಿಲ್ಲ. ಹಿರಿಯರು ತಡವರಿಸಿದ್ದು ಮಿದುಳಿನ ಕಾಯಿಲೆಯಿಂದಲೋ, ಬದುಕಿನುದ್ದಕ್ಕೂ ಈ ಪ್ರಶ್ನೆಗಳಿಗೆ ಹೆದರಿಕೊಂಡೇ ಉತ್ತರಿಸಿದ ಅಭ್ಯಾಸದಿಂದಲೋ ಎಂಬುದನ್ನು ಗುರುತಿಸುವುದು ಸುಲಭದ ಮಾತಲ್ಲ.

ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಯಾರಿಗೆ ಬಂದರೂ ಕಷ್ಟವೇ. ಲಿಂಗತ್ವ ಅಲ್ಪಸಂಖ್ಯಾತರಿಗೆ ಬಂದಾಗ ಕಷ್ಟದ ಜೊತೆಗೆ ಒಂದು ಪ್ರಶ್ನೆಯೂ ಎದುರಾಗುತ್ತದೆ. ಸಮಾಜದೊಡನೆ ಗುದ್ದಾಡಿ ಗಳಿಸಿದ ಹೆಸರು, ಉಡುಗೆ ಮತ್ತು ಸಂಬಂಧಗಳನ್ನು ಅವರೇ ಮರೆಯತೊಡಗಿದರೆ, ಅವರ ಪರವಾಗಿ ಅವನ್ನು ನೆನಪಿಟ್ಟುಕೊಳ್ಳುವ ಹಕ್ಕು ಯಾರದು?

ಲೆಕ್ಕಕ್ಕೆ ಸಿಗದವರು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರು ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದರು. ಅವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಯೋಚನೆ, ಮಾತು ಮತ್ತು ದೈನಂದಿನ ಕೆಲಸ ಮಾಡುವ ಶಕ್ತಿಯನ್ನು ಕುಗ್ಗಿಸುವ ಹಲವು ಕಾಯಿಲೆಗಳ ಸಮೂಹ. ಇವುಗಳಲ್ಲಿ ಆಲ್ಝೈಮರ್ ಕಾಯಿಲೆಯ ಪಾಲು ಶೇ 60ರಿಂದ 70.

ಭಾರತದ ಮಟ್ಟಿಗೆ, ಹಿರಿಯರನ್ನು ಕುರಿತ ರಾಷ್ಟ್ರೀಯ ಅಧ್ಯಯನವೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಮಹಿಳೆಯರಲ್ಲಿ ಹಾಗೂ ಗ್ರಾಮೀಣರಲ್ಲಿ ಪ್ರಮಾಣ ಹೆಚ್ಚು ಎಂದೂ ಅದು ಗುರುತಿಸಿತು. ಆದರೆ ಆ ಲೆಕ್ಕ ಬಂದದ್ದು ಪುರುಷರು, ಮಹಿಳೆಯರು ಎಂಬ ಎರಡೇ ಸಾಲುಗಳಲ್ಲಿ.

ಮೂರನೆಯ ಸಾಲು ಜನಗಣತಿಗೆ ಬಂದದ್ದೇ ತಡವಾಗಿ. 2011ರ ಗಣತಿಯಲ್ಲಿ ಮೊದಲ ಬಾರಿಗೆ ಲಿಂಗದ ಅಂಕಣದಲ್ಲಿ ‘ಇತರೆ’ ಎಂಬ ಆಯ್ಕೆ ಕಾಣಿಸಿಕೊಂಡಿತು. ದೇಶದಲ್ಲಿ 4.87 ಲಕ್ಷ, ಕರ್ನಾಟಕದಲ್ಲಿ 20,266 ಮಂದಿ ಆ ಅಂಕಣದಲ್ಲಿ ದಾಖಲಾದರು. ಮನೆಬಾಗಿಲಿಗೆ ಬಂದ ಗಣತಿದಾರರ ಮುಂದೆ ಎಲ್ಲರೂ ನಿಜ ಹೇಳುವ ಪರಿಸ್ಥಿತಿ ಇರಲಿಲ್ಲವಾದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು ಎಂಬುದು ಸಮುದಾಯದ ಸಂಘಟನೆಗಳ ನಿಲುವು. ಅವರಿಗೂ ವಯಸ್ಸಾಗುತ್ತದೆ, ಅವರನ್ನೂ ಮರೆವು ಕಾಡುತ್ತದೆ ಎಂಬ ಸರಳ ಸತ್ಯ ಮಾತ್ರ ಸಾರ್ವಜನಿಕ ಚರ್ಚೆಗೆ ಬಂದದ್ದು ಬಹಳ ಕಡಿಮೆ.

ಅಪಾಯ ಹೆಚ್ಚೇಕೆ?

ಲಿಂಗತ್ವ ಅಲ್ಪಸಂಖ್ಯಾತರಾಗಿರುವುದೇ ಡಿಮೆನ್ಷಿಯಾಕ್ಕೆ ಕಾರಣವಲ್ಲ. ಅವರು ಬದುಕಬೇಕಾಗಿ ಬಂದ ಸ್ಥಿತಿಗತಿಗಳಲ್ಲಿ ಅಪಾಯ ಅಡಗಿದೆ. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗವು 2024ರ ವರದಿಯಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ನಿವಾರಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು.

ಎಳವೆಯಲ್ಲಿ ಶಿಕ್ಷಣದ ಕೊರತೆ, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ಧೂಮಪಾನ, ಅತಿಯಾದ ಮದ್ಯಪಾನ, ಚಿಕಿತ್ಸೆ ಕಾಣದ ರಕ್ತದೊತ್ತಡ ಮತ್ತು ಮಧುಮೇಹ ಆ ಪಟ್ಟಿಯಲ್ಲಿವೆ. ಶಾಲೆಯಲ್ಲಿ ಸಹಪಾಠಿಗಳ ಗೇಲಿ ತಾಳಲಾರದೆ ಓದು ಬಿಟ್ಟವರು, ಮನೆಯವರಿಂದಲೋ ಬೀದಿ ಪುಂಡರಿಂದಲೋ ಹೊಡೆತ ತಿಂದವರು, ಅವಮಾನಕ್ಕೆ ಅಂಜಿ ಆಸ್ಪತ್ರೆಯ ಕಡೆ ತಲೆಹಾಕದವರು ಈ ಪಟ್ಟಿಯನ್ನು ಓದಿದರೆ ತಮ್ಮ ಬದುಕಿನ ವಿವರವನ್ನೇ ಓದಿದಂತಾಗುತ್ತದೆ. ಅಮೆರಿಕದ ಆರೋಗ್ಯ ಸಮೀಕ್ಷೆಗಳನ್ನು ಆಧರಿಸಿ 2021ರ ಅಂತರರಾಷ್ಟ್ರೀಯ ಆಲ್ಝೈಮರ್ ಸಮ್ಮೇಳನದಲ್ಲಿ ಮಂಡಿಸಲಾದ ಅಧ್ಯಯನಗಳು, ಅಲ್ಲಿನ ಲಿಂಗತ್ವ ಅಲ್ಪಸಂಖ್ಯಾತರು ಉಳಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ‘ನೆನಪು ಕುಂದುತ್ತಿದೆ’ ಎಂದು ಹೇಳಿಕೊಂಡಿದ್ದನ್ನು ಗುರುತಿಸಿದ್ದವು. ಇದು ಅವರೇ ಹೇಳಿಕೊಂಡ ಅನುಭವವೇ ಹೊರತು ವೈದ್ಯರು ಖಚಿತಪಡಿಸಿದ ಕಾಯಿಲೆಯಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನು ಹಾರ್ಮೋನ್ ಚಿಕಿತ್ಸೆಯ ವಿಚಾರ. ಋತುಬಂಧದ ನಂತರದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, 65 ದಾಟಿದ ಮೇಲೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಸೇವಿಸಿದವರಲ್ಲಿ ಡಿಮೆನ್ಷಿಯಾ ಅಪಾಯ ದುಪ್ಪಟ್ಟಾದುದನ್ನು ಕಂಡಿತ್ತು. ಆದರೆ ಆ ಫಲಿತಾಂಶವನ್ನು ಯೌವನದಿಂದಲೇ ಬೇರೆ ಪ್ರಮಾಣದಲ್ಲಿ, ಬೇರೆ ಉದ್ದೇಶಕ್ಕೆ ಹಾರ್ಮೋನ್ ಪಡೆದವರಿಗೆ ಹಾಗೆಯೇ ಅನ್ವಯಿಸಲಾಗದು. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಸ್ಪಷ್ಟ. ವೈದ್ಯರ ಸಲಹೆಯಿಲ್ಲದೆ ಔಷಧದಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ನುಂಗುವ ರೂಢಿಯಲ್ಲಿ ಈ ಅಪಾಯ ಹೆಚ್ಚುತ್ತದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಬಡಿಯಬಹುದು. ಪಾರ್ಶ್ವವಾಯುವಿನ ಬೆನ್ನಿಗೇ ಡಿಮೆನ್ಷಿಯಾ ಬರುವುದೂ ಉಂಟು.

ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ

ವಯಸ್ಸಾದವರು ಗೊಂದಲದಿಂದ ಮಾತನಾಡಿದ ಕೂಡಲೇ ಅರಳುಮರಳು ಎಂದು ಕೈಚೆಲ್ಲುವುದು ತಪ್ಪು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ತಲೆಗೆ ಪೆಟ್ಟಾಗಿ ಒಳಗೆ ಕಟ್ಟಿದ ರಕ್ತ ಇವೆಲ್ಲ ಮರೆವು ತರಬಲ್ಲವು ಮತ್ತು ಇವಕ್ಕೆ ಚಿಕಿತ್ಸೆಯುಂಟು. ಚಿಕಿತ್ಸೆ ಕಾಣದ ಸಿಫಿಲಿಸ್ ಹಾಗೂ ಎಚ್‌ಐವಿ ಸೋಂಕು ಕೂಡ ಮಿದುಳನ್ನು ಬಾಧಿಸಬಲ್ಲವು. ಭಾರತದ ಟ್ರಾನ್ಸ್‌ಜೆಂಡರ್ ಮಹಿಳೆಯರಲ್ಲಿ ಎಚ್‌ಐವಿ ಪ್ರಮಾಣ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಈ ತಪಾಸಣೆ ಮುಖ್ಯ. ಆದರೆ ಅದನ್ನು ಅನುಮಾನದ ದೃಷ್ಟಿಯಿಂದಲ್ಲದೆ, ಉಳಿದ ರಕ್ತಪರೀಕ್ಷೆಗಳಂತೆಯೇ ಸಹಜವಾಗಿ ಮಾಡಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ‘ನಿರ್ವಾಣ’ ಎಂದು ಕರೆಯಲಾಗುವ ಶಸ್ತ್ರಕ್ರಿಯೆಗೆ ದಶಕಗಳ ಹಿಂದೆ ಅರೆಬರೆ ಸೌಲಭ್ಯದಲ್ಲಿ ಒಳಗಾದವರಿಗೆ ಮೂತ್ರನಾಳ ಕಿರಿದಾಗಿ ಪದೇ ಪದೇ ಸೋಂಕು ತಗಲುವುದುಂಟು. ಹಿರಿಯರಲ್ಲಿ ಮೂತ್ರದ ಸೋಂಕು ಒಮ್ಮೆಲೇ ತೀವ್ರ ಗೊಂದಲ, ಭ್ರಮೆ, ಬಡಬಡಿಕೆ ತರಬಹುದು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಸೋಂಕು ವಾಸಿಯಾದರೆ ಇದು ಬಹುಮಟ್ಟಿಗೆ ಇಳಿಯುತ್ತದೆ. ತಿಂಗಳುಗಳಲ್ಲಿ ಬೆಳೆದ ಮರೆವು ಡಿಮೆನ್ಷಿಯಾ ಇರಬಹುದು. ಎರಡೇ ದಿನಗಳಲ್ಲಿ ಬಂದ ಗೊಂದಲಕ್ಕೆ ಮೊದಲು ಆಸ್ಪತ್ರೆಯೇ ಮದ್ದು.

ದೇಹದ ವಿವರ ಮುಚ್ಚಿಟ್ಟರೆ ಚಿಕಿತ್ಸೆಯೂ ದಾರಿ ತಪ್ಪುತ್ತದೆ. ಲಿಂಗ ಪರಿವರ್ತನೆಯ ಶಸ್ತ್ರಕ್ರಿಯೆಯಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವುದಿಲ್ಲ. ಹೀಗಾಗಿ ಹೆಣ್ಣಾಗಿ ಬಾಳಿದ ಹಿರಿಯರಿಗೂ ಪ್ರಾಸ್ಟೇಟ್ ತೊಂದರೆ ಬರಬಹುದು. ವೃಷಣ ತೆಗೆದ ಮೇಲೆ ಬದಲಿ ಹಾರ್ಮೋನ್ ಪಡೆಯದವರ ಮೂಳೆ ಸವೆದು, ಬಿದ್ದರೆ ಮುರಿಯುವ ಸಂಭವ ಹೆಚ್ಚು. ಅದೇ ರೀತಿ ಗಂಡಾಗಿ ಬಾಳಿದ ಟ್ರಾನ್ಸ್‌ಜೆಂಡರ್ ಪುರುಷರಲ್ಲಿ ಗರ್ಭಕೋಶ ಉಳಿದಿದ್ದರೆ ಅದರ ಕಾಯಿಲೆಗಳೂ ಬರಬಹುದು. ನೋವನ್ನು ಬಾಯಿಬಿಟ್ಟು ಹೇಳುವ ಶಕ್ತಿ ಡಿಮೆನ್ಷಿಯಾದಿಂದ ಕುಂದಿದಾಗ, ಈ ಸಂಗತಿಗಳನ್ನು ವೈದ್ಯರಿಗೆ ತಿಳಿಸಬೇಕಾದವರು ಆರೈಕೆ ಮಾಡುವವರೇ.

ಹಿಂದಕ್ಕೆ ಸರಿಯುವ ಕಾಲ

ಆಲ್ಝೈಮರ್ ಕಾಯಿಲೆಯಲ್ಲಿ ಮೊದಲು ಅಳಿಯುವುದು ಇತ್ತೀಚಿನ ನೆನಪು. ಬೆಳಗಿನ ತಿಂಡಿ ಮರೆತವರಿಗೆ ಬಾಲ್ಯದ ಓಣಿ ಕಣ್ಣಿಗೆ ಕಟ್ಟಿದಂತಿರುತ್ತದೆ. ಕಾಯಿಲೆ ಬಲಿತಂತೆ ವ್ಯಕ್ತಿಯು ಹಿಂದಿನ ಕಾಲದಲ್ಲಿಯೇ ವಾಸಿಸತೊಡಗುವುದೂ ಉಂಟು. ತೀರಿಹೋದ ತಾಯಿಯನ್ನು ಕೂಗಿ ಕರೆಯುವ, ಮಾರಿದ ಮನೆಗೆ ಹೋಗುತ್ತೇನೆಂದು ಹಟ ಹಿಡಿಯುವ ಹಿರಿಯರನ್ನು ಬಹಳಷ್ಟು ಕುಟುಂಬಗಳು ಕಂಡಿವೆ.

ಬದುಕಿನ ನಡುವೆ ಲಿಂಗದ ಗುರುತನ್ನು ಬದಲಿಸಿಕೊಂಡವರಲ್ಲಿ ಈ ಹಿಂಬದಿಯ ಪಯಣ ಬೇರೆಯದೇ ತಿರುವು ಪಡೆಯಬಹುದು. ಬದಲಾವಣೆಗೆ ಮುಂಚಿನ ದಿನಗಳಿಗೆ ನೆನಪು ಜಾರಿದಾಗ, ಕನ್ನಡಿಯಲ್ಲಿ ಕಾಣುವ ದೇಹವೇ ಅಪರಿಚಿತವೆನಿಸಬಹುದು. ಎಂದೋ ಬಿಟ್ಟ ಹೆಸರಿಗೆ ಓಗೊಡಬಹುದು. ಇದಕ್ಕೆ ತದ್ವಿರುದ್ಧವಾದುದೂ ಸಾಧ್ಯ. ಮದುವೆ, ಮಕ್ಕಳು, ನೌಕರಿ ಎಂದು ಜೀವನವಿಡೀ ಒಳಗಿನ ಗುರುತನ್ನು ಅದುಮಿಟ್ಟವರಲ್ಲಿ, ಕಾಯಿಲೆಯಿಂದ ಸಂಕೋಚದ ಕಟ್ಟು ಸಡಿಲಾದಾಗ ಅದು ಮೊದಲ ಬಾರಿಗೆ ಹೊರಬರಬಹುದು. ಸೀರೆ ಬೇಕೆಂದು ಕೇಳುವ ಎಂಬತ್ತರ ತಂದೆಯನ್ನು ಕಂಡು ಮಕ್ಕಳು ದಿಗಿಲುಗೊಳ್ಳಬಹುದು.

ಎರಡೂ ಸಂದರ್ಭಗಳಲ್ಲಿ ತಜ್ಞರು ನೀಡುವ ಸಲಹೆ ಒಂದೇ. ವಾದ ಬೇಡ, ತಿದ್ದುಪಡಿ ಬೇಡ. ಆ ಹೊತ್ತಿಗೆ ವ್ಯಕ್ತಿ ಯಾವ ಹೆಸರಿನಲ್ಲಿ, ಯಾವ ಉಡುಗೆಯಲ್ಲಿ ನೆಮ್ಮದಿ ಕಾಣುತ್ತಾರೋ ಅದನ್ನು ಅನುಸರಿಸಿದರೆ ಸಾಕು. ಒಂದು ದಿನ ಹಳೆಯ ಹೆಸರಿಗೆ ಓಗೊಟ್ಟ ಮಾತ್ರಕ್ಕೆ ‘ಈಗ ಸರಿಹೋದರು’ ಎಂದು ಭಾವಿಸಿ ಕೂದಲು ಕತ್ತರಿಸುವುದಾಗಲಿ, ಪ್ಯಾಂಟು ತೊಡಿಸುವುದಾಗಲಿ ಅಥವಾ ವೈದ್ಯರನ್ನು ಕೇಳದೆ ಹಾರ್ಮೋನ್ ನಿಲ್ಲಿಸುವುದಾಗಲಿ ಸಲ್ಲದು. ಮರೆವು ಒಪ್ಪಿಗೆಯಲ್ಲ.

ಅಳಿಯದ ಭಯ

ಘಟನೆ ಮರೆತುಹೋದರೂ ಆ ಘಟನೆ ಮೂಡಿಸಿದ ಭಾವ ಮರೆಯಾಗದಿರುವುದು ಡಿಮೆನ್ಷಿಯಾದ ಇನ್ನೊಂದು ಗುಣ. ಇಂದು 70 ದಾಟಿದ ಟ್ರಾನ್ಸ್‌ಜೆಂಡರ್ ಹಿರಿಯರು, ತೃತೀಯ ಲಿಂಗವನ್ನು ಮಾನ್ಯ ಮಾಡಿದ ನಾಲ್ಸಾ ಪ್ರಕರಣದ ತೀರ್ಪನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನೀಡಿದಾಗ ಅರವತ್ತರ ಹೊಸ್ತಿಲಲ್ಲಿದ್ದರು ಅಥವಾ ಅದನ್ನು ದಾಟಿದ್ದರು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಂನ ಭಾಗ ರದ್ದಾದದ್ದು 2018ರಲ್ಲಿ. ಕರ್ನಾಟಕದಲ್ಲೇ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಈ ಸಮುದಾಯದವರ ಹೆಸರು ವಿಳಾಸಗಳ ಪಟ್ಟಿ ಇಡಲು ಪೊಲೀಸರಿಗೆ ಅಧಿಕಾರ ನೀಡಲಾಗಿತ್ತು. ಅದು ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾದ ಬಳಿಕ ಸಮುದಾಯವನ್ನು ಹೆಸರಿಸುವ ಪದ ಬದಲಾಯಿತು.

ಹಕ್ಕುಗಳು ಬಂದದ್ದು ಇತ್ತೀಚೆಗೆ, ಭಯ ಹಳೆಯದು. ನೆನಪು ಹಿಂದಕ್ಕೆ ಜಾರಿದಾಗ ಹಕ್ಕು ಮರೆತು ಭಯ ಉಳಿಯುವುದು ಸಹಜ. ಖಾಕಿ ತೊಟ್ಟ ಕಾವಲುಗಾರರನ್ನು ಕಂಡು ಅವಿತುಕೊಳ್ಳುವುದು, ಸ್ನಾನ ಮಾಡಿಸಲು ಬಂದವರನ್ನು ದೂಡುವುದು, ಬಟ್ಟೆ ಬದಲಿಸಲು ಬಿಡದಿರುವುದು ಇವನ್ನೆಲ್ಲ ‘ರೋಗಿಯ ಹಟ’ ಎಂದು ಬರೆದುಕೊಂಡು ಮಂಪರು ಬರಿಸುವ ಮಾತ್ರೆ ಕೊಡುವುದು ಸುಲಭ. ಹಿಂದೆ ಅದೇ ದೇಹವನ್ನು ಬಲವಂತವಾಗಿ ಬಯಲು ಮಾಡಿದವರಿದ್ದರು ಎಂಬುದನ್ನು ತಿಳಿದ ಆರೈಕೆದಾರರು ಬಾಗಿಲು ಮುಚ್ಚಿ, ಮೇಲೊಂದು ಟವೆಲ್ ಹೊದಿಸಿ, ಕೇಳಿಯೇ ಕೈ ಹಚ್ಚುತ್ತಾರೆ.

ಹಮಾಮಿನ ಆಸರೆ

ಹಾಗಾದರೆ ಈ ಹಿರಿಯರನ್ನು ಈವರೆಗೆ ನೋಡಿಕೊಂಡವರು ಯಾರು? ಹಿಜ್ರಾ ಸಮುದಾಯದಲ್ಲಿ ಗುರು–ಚೇಲಾ ಎಂಬ ವ್ಯವಸ್ಥೆಯುಂಟು. ಮನೆ ತೊರೆದು ಬಂದ ಕಿರಿಯರನ್ನು ಗುರು ಚೇಲಾ ಆಗಿ ಸ್ವೀಕರಿಸುತ್ತಾರೆ. ಗುರುವಿನ ಗುರು ನಾನಿ. ಒಂದೇ ಗುರುವಿನ ಚೇಲಾಗಳು ಪರಸ್ಪರ ಗುರುಭಾಯಿಗಳು. ಬೆಂಗಳೂರಿನಲ್ಲಿ ಇಂಥ ಮನೆಗಳಿಗೆ ಹಮಾಮ್ ಎಂಬ ಹೆಸರುಂಟು. ಎ. ರೇವತಿ ಅವರ ಆತ್ಮಕಥನ ‘ಬದುಕು ಬಯಲು’ ಓದಿದ ಅಥವಾ ರಂಗದ ಮೇಲೆ ನೋಡಿದ ಕನ್ನಡಿಗರಿಗೆ ಈ ಲೋಕದ ಪರಿಚಯವಿದೆ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳ ಪರಂಪರೆ ಬೇರೆಯದು. ಅಲ್ಲಿಯೂ ಹಿರಿಯ–ಕಿರಿಯರ ನಡುವೆ ಇಂಥದೇ ಆಸರೆಯ ಬಂಧವಿದೆ.

ಈ ಮನೆಗಳಲ್ಲಿ ಪ್ರೀತಿ ಮಾತ್ರ ಇದೆ ಎನ್ನಲಾಗದು. ಶಿಸ್ತು, ದಂಡ, ಗಳಿಕೆಯ ಹಂಚಿಕೆ, ಜಗಳ ಎಲ್ಲವೂ ಇವೆ. ಆದರೂ ಮುಪ್ಪಿನಲ್ಲಿ ಗುರುವಿಗೆ ಅನ್ನ ಹಾಕುವುದು ಚೇಲಾಗಳ ಕರ್ತವ್ಯ ಎಂಬುದು ಒಪ್ಪಿತ ನಿಯಮ. ಡಿಮೆನ್ಷಿಯಾ ಈ ನಿಯಮವನ್ನು ತೀವ್ರ ಪರೀಕ್ಷೆಗೆ ಒಡ್ಡುತ್ತದೆ. ಹಗಲಿನಲ್ಲಿ ಭಿಕ್ಷೆ ಅಥವಾ ಬೇರೆ ದುಡಿಮೆಗೆ ಹೊರಡುವ ಚೇಲಾಗಳಿಗೆ, ಬಾಗಿಲು ತೆರೆದರೆ ಬೀದಿಗಿಳಿದು ದಾರಿ ತಪ್ಪುವ, ರಾತ್ರಿ ನಿದ್ದೆಯಿಲ್ಲದೆ ಓಡಾಡುವ ಹಿರಿಯರನ್ನು ಕಾಯುವುದೆಂದರೆ ಒಬ್ಬರ ದಿನಗೂಲಿ ತಪ್ಪಿದಂತೆಯೇ. ಅದರ ಮೇಲೆ ಗುರು ತನ್ನ ಚೇಲಾಳನ್ನೇ ಗುರುತಿಸದೆ ‘ನೀನು ಯಾರೇ?’ ಎಂದು ಕೇಳುವ ದಿನವೂ ಬರುತ್ತದೆ.

ಕಾನೂನಿನ ಕಣ್ಣಲ್ಲಿ ಕುಟುಂಬ

ಹೀಗೆ ಹಗಲಿರುಳು ನೋಡಿಕೊಂಡ ಚೇಲಾ ಕಾನೂನಿನ ಎದುರು ಬಂದಾಗ ಹೊರಗಿನವರಾಗುತ್ತಾರೆ. ಸಂಸತ್ತು 2019ರಲ್ಲಿ ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆಯು ರಕ್ತಸಂಬಂಧ, ಮದುವೆ ಅಥವಾ ಕಾನೂನುಬದ್ಧ ದತ್ತು ಇವುಗಳಿಂದ ಕೂಡಿದವರನ್ನು ಮಾತ್ರ ‘ಕುಟುಂಬ’ ಎಂದು ವ್ಯಾಖ್ಯಾನಿಸಿತು. ಗುರು–ಚೇಲಾ ಸಂಬಂಧಕ್ಕೆ ಆ ವ್ಯಾಖ್ಯೆಯಲ್ಲಿ ಜಾಗವಿರಲಿಲ್ಲ.

ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಅದರನ್ವಯ ಜೀವನಾಂಶ ಕೇಳಬಹುದಾದದ್ದು ಮಕ್ಕಳು, ಮೊಮ್ಮಕ್ಕಳಿಂದ; ಮಕ್ಕಳಿಲ್ಲದಿದ್ದರೆ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ. ಆದರೆ ಇದೇ ಕಾಯ್ದೆಯ 23ನೇ ಕಲಂ ಉಪಯುಕ್ತ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಯಾರಿಗೇ ಆಸ್ತಿ ಬರೆದುಕೊಟ್ಟರೂ, ಪಡೆದವರು ಮಾತು ತಪ್ಪಿದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿಯಿಂದ ಅನೂರ್ಜಿತಗೊಳಿಸಬಹುದು. ಪಡೆದವರು ಮಕ್ಕಳೇ ಆಗಿರಬೇಕೆಂದೇನೂ ಇಲ್ಲ. ಗುರು–ಚೇಲಾ ನಡುವಿನ ಉತ್ತರಾಧಿಕಾರದ ರೂಢಿಯನ್ನು ಮಾನ್ಯ ಮಾಡಿದ ತೀರ್ಪುಗಳೂ ಇವೆ. 2016ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟ್ ನೀಡಿದ್ದು ಅವುಗಳಲ್ಲೊಂದು. ಆದರೆ ಇವೆಲ್ಲ ಆಸ್ತಿಯ ಮಾತು. ಮಾತ್ರೆ ಯಾವುದು, ಆಸ್ಪತ್ರೆ ಯಾವುದು, ಸೀರೆಯೋ ಪಂಚೆಯೋ ಎಂದು ತೀರ್ಮಾನಿಸುವವರು ಯಾರು?

ಈ ಪ್ರಶ್ನೆ ಬಂದಾಗ ದಶಕಗಳಿಂದ ಸಂಪರ್ಕವಿಲ್ಲದ ಅಣ್ಣನ ಮಗ ಬಂದು ನಿಂತರೆ, ಆಸ್ಪತ್ರೆ ಅವರ ಸಹಿಯನ್ನೇ ಕೇಳುವ ಸಂಭವ ಹೆಚ್ಚು.

ಬಿಳಿ ಹಾಳೆಯೊಂದರ ಬಲ

ಈ ಬಿಕ್ಕಟ್ಟಿಗೆ ಉತ್ತರ ಹೆಚ್ಚು ಜನರಿಗೆ ಪರಿಚಯವಿಲ್ಲದ ಕಾಯ್ದೆಯೊಂದರಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಅನಾರೋಗ್ಯವನ್ನು ವ್ಯಾಖ್ಯಾನಿಸುವಾಗ ಯೋಚನೆ, ಭಾವಸ್ಥಿತಿಗಳ ಜೊತೆಗೆ ನೆನಪಿನ ತೀವ್ರ ಏರುಪೇರನ್ನೂ ಸೇರಿಸಿದೆ. ಅದರ 14ನೇ ಕಲಂ ಪ್ರಕಾರ ವಯಸ್ಕರು ಯಾರೇ ಆಗಲಿ ತಮ್ಮ ಪರವಾಗಿ ಒಬ್ಬ ‘ನಾಮನಿರ್ದೇಶಿತ ಪ್ರತಿನಿಧಿ’ಯನ್ನು ನೇಮಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಿರಬೇಕಿಲ್ಲ. ಪ್ರಾಪ್ತ ವಯಸ್ಕರಾಗಿದ್ದು ಹೊಣೆ ಹೊರಲು ಶಕ್ತರಾಗಿದ್ದು, ಒಪ್ಪಿಕೊಂಡಿದ್ದರಾಯಿತು. ಚೇಲಾ ಆಗಬಹುದು, ಗುರುಭಾಯಿ ಆಗಬಹುದು, ಸಂಗಾತಿ ಆಗಬಹುದು.

ಹೀಗೆ ನೇಮಕವಾಗಿಲ್ಲದಿದ್ದರೆ ಪ್ರತಿನಿಧಿಯ ಸ್ಥಾನಕ್ಕೆ ಕಾಯ್ದೆಯ ಕ್ರಮದಲ್ಲಿ ಮೊದಲು ಬರುವವರು ಬಂಧುಗಳು, ಆನಂತರ ಆರೈಕೆ ಮಾಡುವವರು. ಬರೆದಿಡುವುದರ ಮಹತ್ವ ಇಲ್ಲಿಯೇ ಇದೆ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ‘ಮುಂಗಡ ನಿರ್ದೇಶನ’ಕ್ಕೂ ಇದೇ ಕಾಯ್ದೆಯ 5ನೇ ಕಲಂ ಅವಕಾಶ ನೀಡುತ್ತದೆ.

ಆದರೆ ಕಾಲದ ಮಿತಿಯಿದೆ. ತಿಳಿವಳಿಕೆ ನೆಟ್ಟಗಿರುವಾಗ, ಎಂದರೆ ಕಾಯಿಲೆಗೆ ಮುಂಚೆ ಅಥವಾ ಅದರ ಮೊದಲ ಹಂತದಲ್ಲಿ ಈ ಕೆಲಸ ಮುಗಿಯಬೇಕು. ಮರೆವು ಬಲಿತ ಮೇಲೆ ಹಾಕಿಸಿದ ಹೆಬ್ಬೆಟ್ಟು ನಿಲ್ಲದು. ಅನೇಕರು ನೆಚ್ಚಿಕೊಳ್ಳುವ ಸಾಮಾನ್ಯ ಮುಖ್ತ್ಯಾರುನಾಮೆಯೂ ಇಲ್ಲಿ ಕೈಕೊಡುತ್ತದೆ. ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಕೊನೆಗೊಳ್ಳುತ್ತದೆ. ಮನೆ, ಹಣಕ್ಕೆ ಸಂಬಂಧಿಸಿದಂತೆ ಉಯಿಲು ಹಾಗೂ ಬ್ಯಾಂಕ್ ನಾಮಿನಿಯನ್ನು ಮೊದಲೇ ಬರೆಸಿಡುವುದು ಸುರಕ್ಷಿತ.

ದಾಖಲೆಗಳಲ್ಲಿ ಹೆಸರು ಒಂದೇ ಆಗಿರುವುದೂ ಅಷ್ಟೇ ಮುಖ್ಯ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದು, ವ್ಯತ್ಯಾಸ ವಿವರಿಸಬೇಕಾದವರೇ ಮರೆತರೆ ಪಿಂಚಣಿ ನಿಂತುಹೋಗಬಹುದು. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಕರ್ನಾಟಕ ಸರ್ಕಾರ ಆರಂಭಿಸಿದ ‘ಮೈತ್ರಿ’ ಮಾಸಾಶನಕ್ಕೂ, ವೃದ್ಧಾಪ್ಯ ವೇತನಕ್ಕೂ ಈ ಮಾತು ಅನ್ವಯಿಸುತ್ತದೆ.

ವೃದ್ಧಾಶ್ರಮದ ಬಾಗಿಲಲ್ಲಿ

ಪ್ರತಿ ಜಿಲ್ಲೆಯಲ್ಲೂ ನಿರ್ಗತಿಕ ಹಿರಿಯರಿಗಾಗಿ ವೃದ್ಧಾಶ್ರಮ ಇರಬೇಕೆಂಬುದು 2007ರ ಕಾಯ್ದೆಯ ಆಶಯ. ಆದರೆ ಪುರುಷರ ಕೊಠಡಿ, ಮಹಿಳೆಯರ ಕೊಠಡಿ ಎಂಬ ವಿಂಗಡಣೆಯ ಎದುರು ಹಿರಿಯ ಮಂಗಳಮುಖಿಯೊಬ್ಬರು ಬಂದು ನಿಂತಾಗ ಯಾವ ಬಾಗಿಲು ತೆರೆಯಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಕೇಂದ್ರ ಸರ್ಕಾರದ ‘ಗರಿಮಾ ಗೃಹ’ ಯೋಜನೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಆಶ್ರಯ, ಊಟ, ವೈದ್ಯಕೀಯ ನೆರವು ಹಾಗೂ ಕೌಶಲ ತರಬೇತಿಗೆಂದು ರೂಪುಗೊಂಡದ್ದು. ಹಾಸಿಗೆ ಹಿಡಿದವರ ದೀರ್ಘಕಾಲದ ಶುಶ್ರೂಷೆ ಅದರ ಮುಖ್ಯ ಗುರಿಯಾಗಿರಲಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಕಾನೂನಿನಿಂದಲೇ ಎದುರಿಸುವ ಯತ್ನಗಳು ನಡೆದಿವೆ. ಆಸ್ಟ್ರೇಲಿಯಾ 2013ರಲ್ಲಿ ತನ್ನ ಲಿ೦ಗ ತಾರತಮ್ಯ ವಿರೋಧಿ ಕಾಯ್ದೆಗೆ ತಿದ್ದುಪಡಿ ತಂದು, ಸರ್ಕಾರದ ಹಣ ಪಡೆಯುವ ವೃದ್ಧರ ಆರೈಕೆ ಸಂಸ್ಥೆಗಳು ಧರ್ಮದ ಹೆಸರಿನಲ್ಲಿಯೂ ಇಂಥವರಿಗೆ ಸೇವೆ ನಿರಾಕರಿಸುವಂತಿಲ್ಲ ಎಂದಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2017ರಲ್ಲಿ ರೂಪಿಸಿದ ಶಾಸನವು ಲಿಂಗದ ಗುರುತಿಗೆ ತಕ್ಕ ಕೊಠಡಿ, ಉಡುಗೆಯ ಹಕ್ಕುಗಳನ್ನು ಶುಶ್ರೂಷಾಲಯಗಳಲ್ಲಿ ಕಡ್ಡಾಯಗೊಳಿಸಿತು. ಬಯಸಿದ ಹೆಸರು, ಸರ್ವನಾಮದಿಂದಲೇ ಕರೆಯಬೇಕೆಂಬ ಅದರ ನಿಯಮ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು.

ಬ್ರಿಟನ್ನಿನ ಆಲ್ಝೈಮರ್ಸ್ ಸೊಸೈಟಿ ಹಂಚುವ ಒಂದು ಸರಳ ಹೊತ್ತಗೆ ನಮ್ಮಲ್ಲಿಯೂ ಅನುಕರಣೀಯ. ‘ಇದು ನಾನು’ ಎಂಬರ್ಥದ ಹೆಸರಿನ ಆ ಪತ್ರದಲ್ಲಿ, ನನ್ನನ್ನು ಹೇಗೆ ಕರೆಯಬೇಕು, ನನಗೆ ಯಾವುದು ಇಷ್ಟ, ಯಾವುದು ದಿಗಿಲು ತರುತ್ತದೆ, ನನ್ನ ದಿನಚರಿ ಏನು ಎಂದು ಡಿಮೆನ್ಷಿಯಾ ಇರುವವರ ಪರವಾಗಿ ತುಂಬಿಡಲಾಗುತ್ತದೆ. ಆಸ್ಪತ್ರೆಗೆ ದಾಖಲಾದಾಗ ಆ ಪತ್ರವೂ ಜೊತೆಗೇ ಹೋಗುತ್ತದೆ. ಇದಕ್ಕೆ ಕಾನೂನೂ ಬೇಡ, ಅನುದಾನವೂ ಬೇಡ.

‘ಅವರು’ ಎಂದರೆ ಸಾಕು

ಇಂಗ್ಲಿಷಿನಲ್ಲಿ ಸರ್ವನಾಮವೇ ದೊಡ್ಡ ವಿವಾದವಾಗಿರುವ ಹೊತ್ತಿನಲ್ಲಿ ಕನ್ನಡಕ್ಕೊಂದು ಅನುಕೂಲವಿದೆ. ‘ಅವನು’, ‘ಅವಳು’ಗಳಲ್ಲಿ ಲಿಂಗವುಂಟು, ಗೌರವದ ‘ಅವರು’ ಪದದಲ್ಲಿ ಇಲ್ಲ. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂಬ ನಮ್ಮ ಹಳೆಯ ಮರ್ಯಾದೆಯನ್ನು ಪಾಲಿಸಿದರೆ ಅರ್ಧ ಸಮಸ್ಯೆ ಬಗೆಹರಿದಂತೆ. ಉಳಿದರ್ಧ ಸಂಬಂಧಸೂಚಕ ಪದಗಳದು. ಅಜ್ಜಿ ಎನ್ನಬೇಕೋ, ಅಜ್ಜ ಎನ್ನಬೇಕೋ, ಅಮ್ಮ ಎನ್ನಬೇಕೋ ಎಂಬುದನ್ನು ಅವರನ್ನೇ ಕೇಳಬೇಕು. ಅವರಿಗೆ ಹೇಳಲಾಗದಿದ್ದರೆ ಅವರನ್ನು ಬಲ್ಲವರನ್ನು ಕೇಳಬೇಕು.

ಮಾತು ಅಳಿದ ಮೇಲೂ ಕೆಲವು ಸಂಗತಿಗಳು ಉಳಿಯುತ್ತವೆ. ಬಹುಕಾಲ ರೂಢಿಸಿಕೊಂಡ ಹಾಡು, ತಾಳ ಮತ್ತು ಕೈಕೆಲಸದ ನೆನಪು ಡಿಮೆನ್ಷಿಯಾದಲ್ಲಿ ತಡವಾಗಿ ಮಾಸುತ್ತದೆ. ಜೀವನವಿಡೀ ಚೌಡಿಕೆ ಹಿಡಿದು ಯಲ್ಲಮ್ಮನ ಪದ ಹಾಡಿದವರಿಗೆ ಆ ಪದಗಳೇ ಸಂಜೆಯ ಕಳವಳಕ್ಕೆ ಔಷಧವಾಗಬಹುದು. ಹಣೆಗೆ ಕುಂಕುಮ, ಕೈಗೆ ಬಳೆ, ತಲೆಗೆ ಹೂವು, ಗಲ್ಲದ ಮೇಲೆ ಕೂದಲು ಬೆಳೆಯದಂತೆ ದಿನವೂ ಕ್ಷೌರ ಇವು ಸಣ್ಣ ಕೆಲಸಗಳು. ಮುಖದಲ್ಲಿ ಗಡ್ಡ ಮೂಡಿದರೆ ತಾನು ಯಾರೆಂಬ ಗೊಂದಲ ಇಮ್ಮಡಿಯಾಗುವ ವ್ಯಕ್ತಿಗೆ ಕ್ಷೌರವೂ ಚಿಕಿತ್ಸೆಯ ಭಾಗವೇ.

ಎಲ್ಲಿ ನೆರವು?

ಮರೆವಿನ ಲಕ್ಷಣ ಕಂಡಾಗ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯಕೀಯ ಅಥವಾ ನರರೋಗ ವಿಭಾಗವನ್ನು ಸಂಪರ್ಕಿಸಬಹುದು. ಅಕ್ಷರ ಬಾರದವರಿಗೆ ಓದು ಬರಹ ಬೇಡುವ ಪರೀಕ್ಷೆಯ ಬದಲು ಅವರಿಗೆ ಒಪ್ಪುವ ಪರೀಕ್ಷೆ ನಡೆಸುವಂತೆ ಕೇಳಿಕೊಳ್ಳಬೇಕು. ಇಲ್ಲವಾದರೆ ಶಾಲೆ ಬಿಟ್ಟದ್ದೇ ಕಾಯಿಲೆಯೆಂದು ದಾಖಲಾದೀತು. ಮಾನಸಿಕ ಆರೋಗ್ಯದ ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416, ಹಿರಿಯ ನಾಗರಿಕರಿಗೆ ಎಲ್ಡರ್‌ಲೈನ್ 14567 ಇವೆ. ಪ್ರತಿನಿಧಿಯ ನೇಮಕ ಅಥವಾ ಉಯಿಲಿನ ಬಗ್ಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಸಲಹೆ ಕೇಳಬಹುದು.

ಕರ್ನಾಟಕ ಸರ್ಕಾರ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿಯನ್ನು ಒಪ್ಪಿತು. ಅಲ್ಲಿಂದೀಚೆಗೆ ಶಿಕ್ಷಣ, ಉದ್ಯೋಗ, ಮೀಸಲಾತಿಯ ಬಗ್ಗೆ ಚರ್ಚೆ ನಡೆದಿದೆ. ಅವು ಯೌವನದ ಪ್ರಶ್ನೆಗಳು. ಆ ಹೋರಾಟಕ್ಕೆ ಮೊದಲು ಬೀದಿಗಿಳಿದ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರಲ್ಲಿ ಕೆಲವರು ತಾವು ಗೆದ್ದದ್ದನ್ನೇ ಮರೆಯುವ ಹಂತದಲ್ಲಿದ್ದಾರೆ.

ಹಮಾಮಿನ ಮೂಲೆಯಲ್ಲೋ ಆಸ್ಪತ್ರೆಯ ವಾರ್ಡಿನಲ್ಲೋ ಕುಳಿತ ಅಂಥ ಹಿರಿಯರೊಬ್ಬರು ‘ನಿಮ್ಮ ಹೆಸರೇನು?’ ಎಂಬ ಪ್ರಶ್ನೆಗೆ ಉತ್ತರಿಸಲಾರದೆ ಪಕ್ಕಕ್ಕೆ ತಿರುಗಿ ನೋಡಿದಾಗ, ಆ ಹೆಸರನ್ನು ಬಲ್ಲವರು ಪಕ್ಕದಲ್ಲಿರಬೇಕು. ಅವರು ಹೇಳಿದ ಹೆಸರನ್ನು ವೈದ್ಯರು ಬರೆದುಕೊಳ್ಳುವಂತಾಗಬೇಕು. ಅದಕ್ಕೆ ಬೇಕಾದದ್ದು ಸಕಾಲದಲ್ಲಿ ಬರೆದಿಟ್ಟ ಒಂದು ಬಿಳಿ ಹಾಳೆ, ಅದರ ಮೇಲೊಂದು ಹೆಬ್ಬೆಟ್ಟು.